ಬೋಳು ಪದಗಳ ಕಾವಲು

ಬೆಳಗಿನ ಐದೂವರೆ. ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿರುವ ಯೋಗ್ಯಕರ್ತ ನಗರದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂಬಾಗಿಲ ಬೀಗ ತೆಗೆದು ಮುರ್ತಿನಿಂಗ್‌ಸಿಹ್ ಒಳಗೆ ಬರುತ್ತಾರೆ. ನಸುಕಿನ ನಮಾಜು ಮುಗಿಸಿ ನೇರ ಇಲ್ಲಿಗೇ ಬಂದಿದ್ದಾರೆ. ತಲೆವಸ್ತ್ರದ ಅಂಚು ಮಳೆಗೆ ತೊಯ್ದಿದೆ. ದೀಪ ಹಾಕುವುದಕ್ಕೆ ಮೊದಲು ಕಿಟಕಿಯ ಬಳಿ ನಿಂತು ಕಿವಿಗೊಡುತ್ತಾರೆ. ಜ್ವರ ಬಂದ ಮಗುವಿನ ಉಸಿರನ್ನು ತಾಯಿ ಕೇಳುವ ಹಾಗೆ, ತಗಡಿನ ಮೇಲಿನ ಮಳೆಯ ಸದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಕೇಳುತ್ತಾರೆ.

"ಜಾಸ್ತಿ ಆಗ್ತಿದೆ," ಎನ್ನುತ್ತಾರೆ ಮೆಲ್ಲಗೆ.

ಕಂಪ್ಯೂಟರ್ ಬೆಳಗುತ್ತದೆ. ಹಿಂದಿನ ದಿನ ಓದುಗರು ಬರೆದ ಟಿಪ್ಪಣಿಗಳು ಸಾಲಾಗಿ ಇಳಿಯುತ್ತವೆ. ಇವತ್ತು ಮುನ್ನೂರ ನಲವತ್ತೆರಡು. ಅಷ್ಟನ್ನೂ ಅವರು ತೋರುಬೆರಳು ಸರಿಸುತ್ತಾ ಒಂದೊಂದಾಗಿ ಓದುತ್ತಾರೆ. ಎಂಟು ಗಂಟೆಗೆ ಬಾಗಿಲು ತೆರೆಯುವಷ್ಟರಲ್ಲಿ ಪರದೆಯ ಗಾಜಿನ ತುಂಬ ಬೆರಳಿನ ಗೆರೆಗಳು. ಮೇಜಿನ ಮೇಲೆ ಫೋನು ಅಂಗಾತ ಬಿದ್ದಿದೆ. ಅದು ಮಿನುಗಿದರೆ ಸಾಕು, ಅವರ ಕೈ ಚಹಾದ ಲೋಟವನ್ನು ಬಿಟ್ಟು ಅಲ್ಲಿಗೆ ಹೋಗುತ್ತದೆ.

ಎಲ್ಲರೂ ಅವರನ್ನು ಬು ನಿಂಗ್, ಅಂದರೆ ನಿಂಗ್ ಅಮ್ಮ, ಎಂದೇ ಕರೆಯುತ್ತಾರೆ. ವಯಸ್ಸು ನಲವತ್ತೇಳು. ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ ತಾಂತ್ರಿಕ ಸಹಾಯಕಿ. ಗುತ್ತಿಗೆ ವರ್ಷವರ್ಷಕ್ಕೂ ಹೊಸದಾಗಬೇಕು. ಕೂರುವ ಕೋಣೆ ಮೊದಲು ಮುರಿದ ಕುರ್ಚಿಗಳ ಉಗ್ರಾಣವಾಗಿತ್ತು. ಈಗಲೂ ಮೂಲೆಯಲ್ಲಿ ನಾಲ್ಕು ಕುರ್ಚಿಗಳಿವೆ. ಇಲ್ಲಿ ಕೂತು ಆರು ವರ್ಷಗಳಿಂದ ಅವರು ಮಾಡುತ್ತಿರುವ ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಅಂತರಜಾಲದ ವಿದ್ವತ್ ಲೇಖನಗಳನ್ನು ಓದುವವರನ್ನು ನಿಜವಾಗಿ ಓದುವಂತೆ ಮಾಡುವುದು.

ಅವರು ರೂಪಿಸಿದ ಸಾಧನದ ಹೆಸರು ಗಾಂದುಲ್. ಜಾವಾ ಭಾಷೆಯಲ್ಲಿ ತೂಗುವುದು ಎಂದರ್ಥ. ಬು ನಿಂಗ್ ಅವರ ತಂದೆ ಊರಿನ ಮದರಸಾದಲ್ಲಿ ಪಾಠ ಹೇಳುತ್ತಿದ್ದರು. ಗುರು ಅರಬ್ಬಿಯ ಸಾಲು ಓದುತ್ತಾರೆ, ಚಾಪೆಯ ಮೇಲೆ ಬಗ್ಗಿ ಕೂತ ಮಕ್ಕಳು ಪ್ರತಿ ಪದದ ಕೆಳಗೂ ಅದರ ಜಾವಾ ಅರ್ಥವನ್ನು ಇರುವೆಯಷ್ಟು ಸಣ್ಣಗೆ, ಓರೆಯಾಗಿ ತೂಗುಹಾಕುತ್ತಾರೆ. ಓದಿ ಮುಗಿದ ಪುಟ ಬಾವಲಿಗಳು ನೇತುಬಿದ್ದ ಮರದಂತೆ ಕಾಣುತ್ತದೆ. ಕೆಳಗೆ ಏನೂ ತೂಗದ ಪದಕ್ಕೆ ತಂದೆ ಬೋಳು ಪದ ಎನ್ನುತ್ತಿದ್ದರಂತೆ.

ಗಾಂದುಲ್‌ನಲ್ಲಿ ತೆರೆದ ಲೇಖನ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಓದಿದ್ದನ್ನು ಓದುಗ ತನ್ನ ಮಾತಿನಲ್ಲಿ ಸಾಲಿನ ಕೆಳಗೆ ತೂಗಬೇಕು. ಆಗ ಮುಂದಿನ ಭಾಗದ ಮುಸುಕು ಸರಿಯುತ್ತದೆ. ಅಂಕಿಗಳ ಪಟ್ಟಿ ಬಂದರೆ, ಇದು ಏನು ಹೇಳಬಹುದು ಎಂದು ಮೊದಲು ಕೇಳಿ ಆಮೇಲೆ ತೋರಿಸುತ್ತದೆ. ನನಗೆ ಅರ್ಥವಾಗಲಿಲ್ಲ ಎಂದು ಬರೆದರೂ ನಡೆಯುತ್ತದೆ. ಅಂಥ ಟಿಪ್ಪಣಿ ಕಂಡರೆ ಬು ನಿಂಗ್ ಅವರ ಮುಖ ಅರಳುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಯಂತ್ರವಲ್ಲ, ಅವರೇ. ಒಂದೊಂದು ಲೇಖನವನ್ನೂ ಮೂರು ಸಲ ಗಟ್ಟಿಯಾಗಿ ಓದುತ್ತಾರೆ. ನಾಲ್ಕು ದಿನ ಹಿಡಿಯುತ್ತದೆ. ಕಾಲೇಜು ಹತ್ತದ ಹೆಂಗಸು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಇದುವರೆಗೆ ಇನ್ನೂರ ಎಂಬತ್ತು ಲೇಖನಗಳಿಗೆ ತಡೆ ಇಟ್ಟಿದ್ದಾರೆ. "ಕಷ್ಟದ ಜಾಗದಲ್ಲಿ ಓದೋರು ತಾವೇ ನಿಲ್ತಾರೆ," ಎನ್ನುತ್ತಾರೆ. "ನಾಲಿಗೆ ಸಲೀಸಾಗಿ ಓಡೋ ಕಡೆ ನಾನು ಕೋಲು ಅಡ್ಡ ಇಡ್ತೀನಿ. ಜಾರೋದು ಅಲ್ಲೇ ಅಲ್ವಾ?"

ಜಾರುವುದು ಎಂಬ ಮಾತು ಬಾಯಿಂದ ಬಂದದ್ದೇ ಅವರ ಕಣ್ಣು ಫೋನಿನ ಕಡೆ ಹೋಗುತ್ತದೆ.

ಆ ಫೋನಿನ ಆಚೆ ಇರುವುದು ವಾತುಜರಾನ್. ಪಶ್ಚಿಮದ ಗುಡ್ಡಸಾಲಿನಲ್ಲಿ ತೆಂಗಿನ ಸಕ್ಕರೆ ಕಾಯಿಸಿ ಬದುಕುವ ಹದಿನಾಲ್ಕು ಕುಟುಂಬಗಳ ಕೇರಿ. ಹೋದ ವರ್ಷದ ಮಳೆಯಲ್ಲಿ ಅಲ್ಲಿ ಗುಡ್ಡ ಜಾರಿತು. ಅದರಲ್ಲಿ ತಮ್ಮ ಕೈಯೂ ಇತ್ತು ಎಂದು ಬು ನಿಂಗ್ ನಂಬಿದ್ದಾರೆ. ಅಲ್ಲ ಎಂದು ಸಮಾಧಾನ ಹೇಳುವುದು, ಅವರ ಬಗ್ಗೆ ಬರೆಯಲು ಬಂದಿರುವ ನನಗೂ ಕಷ್ಟ.

ಮದರಸಾದಲ್ಲಿ ಒಂದು ವಾಡಿಕೆ ಇದೆ. ಪಾಠದ ನಡುವೆ ತೂಕಡಿಸಿದವನ, ಜ್ವರ ಬಂದು ಮಲಗಿದವನ ಪುಟದಲ್ಲಿ ಬೋಳು ಪದಗಳು ಉಳಿಯುತ್ತವೆ. ಪಕ್ಕದವನ ಪುಸ್ತಕ ನೋಡಿ ಅವನ್ನು ತುಂಬಿಕೊಳ್ಳಬಹುದು. ಅದಕ್ಕೆ ತೇಪೆ ಹಚ್ಚುವುದು ಎನ್ನುತ್ತಾರೆ. ಕೇಳಿದವರಿಗೆ ಪುಸ್ತಕ ಕೊಡದವನು ಜಿಪುಣ. ಆ ಒಳ್ಳೆಯತನ ಯಂತ್ರದಲ್ಲೂ ಇರಲಿ ಎಂದು ಬು ನಿಂಗ್ ಗಾಂದುಲ್‌ಗೆ ತೇಪೆಯ ಗುಂಡಿಯೊಂದನ್ನು ಇಟ್ಟರು. ಒತ್ತಿದರೆ ಬೇರೆಯವರ ಟಿಪ್ಪಣಿ ನಿಮ್ಮ ಸಾಲಿನ ಕೆಳಗೆ ಬಂದು ಕೂರುತ್ತದೆ, ಮುಸುಕು ಸರಿಯುತ್ತದೆ.

ವಾತುಜರಾನ್‌ನಲ್ಲಿ ಗುಡ್ಡ ಜಾರುವ ಮುನ್ಸೂಚನೆ ಕೊಡುವ ಸೈರನ್ ಹಾಕುವ ಮೊದಲು ವಿಪತ್ತು ಸ್ವಯಂಸೇವಕರ ತಂಡ ಇಲ್ಲೇ ಕೂತು ಒಂದು ಲೇಖನ ಓದಿತ್ತು. ತಂಡದ ಮುಂದಾಳು ಜತ್ಮಿಕೊ, ಇಪ್ಪತ್ತಾರರ ಯುವಕ, ಒಂದು ಸಾಲಿನ ಕೆಳಗೆ ಹೀಗೆ ತೂಗಿದ: ಜಾರುವ ಆರು ಗಂಟೆ ಮೊದಲೇ ಸೈರನ್ ಕೂಗುತ್ತದೆ. ಉಳಿದ ಹತ್ತೂ ಜನ ಅದನ್ನೇ ತೇಪೆ ಹಚ್ಚಿಕೊಂಡರು. ಲೇಖನದ ಅದೇ ಸಾಲಿನಲ್ಲಿ ಮರಳುಮಣ್ಣಿನ ಇಳಿಜಾರಿನಲ್ಲಿ ಎಂಬ ಮಾತೂ ಇತ್ತು. ಅದರ ಕೆಳಗೆ ಯಾರೂ ಏನೂ ತೂಗಲಿಲ್ಲ. ವಾತುಜರಾನ್‌ನದು ಜೇಡಿಮಣ್ಣು.

ಸೈರನ್ ಕೂಗಲೇ ಇಲ್ಲ. ಅದನ್ನು ನಂಬಿ ಕೇರಿ ಮಲಗಿತ್ತು. ಎಲ್ಲರೂ ಸಿಂಬಾಹ್, ಅಂದರೆ ಅಜ್ಜಿ, ಎಂದು ಕರೆಯುವ ಪೊನಿರಾಹ್ ಮಾತ್ರ ನಸುಕಿನಲ್ಲೆದ್ದು ತೆಂಗಿನ ರಸ ಕಾಯಿಸುತ್ತಿದ್ದರು. ಬಾಣಲೆಯಲ್ಲಿ ರಸ ಒಂದೇ ಪಕ್ಕಕ್ಕೆ ವಾಲಿ ನಿಂತದ್ದನ್ನು ಕಂಡರು. ಸರಿಮಾಡಲು ಹೋದರೆ ವಾಲಿದ್ದು ಬಾಣಲೆಯಲ್ಲ, ಒಲೆಯೇ. ಅವರ ಕೂಗಿಗೆ ಮೂರು ಮನೆಗಳ ಜನ ಹೊರಗೆ ಓಡಿಬಂದರು. ಆಮೇಲೆ ಆ ಮೂರು ಮನೆಗಳೂ ಇರಲಿಲ್ಲ. ಜೀವ ಹೋಗಲಿಲ್ಲ, ಅಜ್ಜಿಯ ಎಡಗೈ ಮಾತ್ರ ಮೊಣಕೈವರೆಗೆ ಬೆಂದಿತು.

ಬು ನಿಂಗ್ ಅಂದೇ ಯಾರನ್ನೂ ಕೇಳದೆ ಗುಂಡಿಯನ್ನು ಕಿತ್ತುಹಾಕಿದರು. ವಾರಕ್ಕೆ ಎರಡು ಸಾವಿರ ದಾಟುತ್ತಿದ್ದ ಓದುಗರು ಈಗ ನಾನೂರು ಚಿಲ್ಲರೆ. ಮೇಲಿನವರು ಕರೆಸಿ ಕೇಳಿದ್ದಾರಂತೆ, "ಓದೋರನ್ನ ಓಡಿಸೋಕೆ ನಿಮಗೆ ಸಂಬಳ ಕೊಡ್ತೀವಾ, ಬು?" ಎಂದು. "ತಪ್ಪಾಯ್ತು ಅಂದೆ. ಗುಂಡಿ ಮಾತ್ರ ವಾಪಸ್ ಇಡಲಿಲ್ಲ," ಎಂದು ಅವರು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಇವತ್ತು ಶನಿವಾರ. ಅದೇ ತಂಡ ಮತ್ತೆ ಬರಲಿದೆ. ಗುಡ್ಡದ ನೆತ್ತಿಯಲ್ಲಿ ಬಿರುಕು ಮತ್ತೆ ಬಾಯಿಬಿಟ್ಟಿದೆ. ಅದು ಎಷ್ಟು ಅಗಲವಾದರೆ ಕೇರಿ ಬಿಡಬೇಕು ಎಂದು ತಂಡ ಹೇಳಬೇಕು. ಅದಕ್ಕೆ ಹೊಸ ಲೇಖನವೊಂದಿದೆ, ಅದಕ್ಕೆ ಬು ನಿಂಗ್ ಹದಿಮೂರು ತಡೆಗಳನ್ನು ಇಟ್ಟಿದ್ದಾರೆ. "ಹದಿಮೂರೂ ತಪ್ಪು ಜಾಗದಲ್ಲಿದ್ರೆ?" ಎಂದು ಕೇಳುತ್ತಾರೆ. "ಒಂದು ಸಾಲು ನನಗೆ ಸರಿ ಕಾಣಿಸ್ತಿಲ್ಲ. ಆದ್ರೆ ನಾನು ಓದಿದ್ದೇ ತಪ್ಪಿರಬಹುದು. ಮೊದಲೇ ಹೇಳಿಬಿಟ್ರೆ ಎಲ್ಲರೂ ನನ್ನ ಮಾತನ್ನೇ ತೇಪೆ ಹಚ್ಕೋತಾರೆ. ಕೊನೆವರೆಗೂ ಯಾರೂ ನಿಲ್ಲದಿದ್ರೆ ಬಾಯಿ ಬಿಡ್ತೀನಿ. ಸುಮ್ನೆ ಇರೋಕೆ ನನಗೇನು ಹುಚ್ಚಾ?"

ಒಂಬತ್ತಕ್ಕೆ ಹನ್ನೊಂದು ಜನ ಒದ್ದೆ ಮಳೆಯಂಗಿಗಳನ್ನು ಕಳಚಿ ಬಂದು ಹನ್ನೊಂದು ಪರದೆಗಳ ಮುಂದೆ ಕೂರುತ್ತಾರೆ. ಜತ್ಮಿಕೊ ಯಾರ ಮುಖವನ್ನೂ ನೋಡುವುದಿಲ್ಲ. ಬೆಳಗ್ಗೆ ಆರಕ್ಕೆ ಬಿರುಕು ಒಂದೂವರೆ ಬೆರಳು ಇತ್ತು ಎಂದಷ್ಟೇ ಹೇಳುತ್ತಾನೆ.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎಂಡಾಹ್ ಎಂಬ ಹುಡುಗಿ ಗೊಣಗುತ್ತಾಳೆ. "ಬು, ಇದು ಓದೋ ಯಂತ್ರಾನಾ, ಅತ್ತೇನಾ? ಹೆಜ್ಜೆ ಹೆಜ್ಜೆಗೂ ಏನು ಮಾಡ್ದೆ, ಏನು ಮಾಡ್ದೆ ಅನ್ನತ್ತಲ್ಲ!"

"ಅತ್ತೆ ಆಗಿದ್ರೆ ನಿನ್ನ ಟಿಪ್ಪಣಿಗೆ ಉಪ್ಪು ಕಮ್ಮಿ ಅಂತಿದ್ಲು. ಬರಿಯಮ್ಮ."

"ತೇಪೆ ಗುಂಡಿ ಇದ್ದಿದ್ರೆ ಇಷ್ಟೊತ್ತಿಗೆ ಮುಗಿದಿರ್ತಿತ್ತು," ಎಂದು ಯಾರೋ ಅಂದದ್ದೇ ಎಲ್ಲರ ತಲೆಗಳೂ ಅತ್ತ ತಿರುಗುತ್ತವೆ. ಅಂದವನು ತಲೆ ತಗ್ಗಿಸಿ ಬರೆಯತೊಡಗುತ್ತಾನೆ. ಬು ನಿಂಗ್ ಹಿಂದಿನ ಗೋಡೆಗೆ ಒರಗಿ ನಿಂತಿದ್ದಾರೆ. ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ.

ಎಲ್ಲರೂ ಮುಗಿಸಿದ ಮೇಲೆ ಮಾತ್ರ ಹನ್ನೊಂದು ಜನರ ಟಿಪ್ಪಣಿಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಒಬ್ಬರದು ಇನ್ನೊಬ್ಬರದಕ್ಕೆ ಹೊಂದದ ಕಡೆ ಸಾಲು ಕೆಂಪಾಗುತ್ತದೆ. ಹತ್ತೂಮುಕ್ಕಾಲಿಗೆ ಗೋಡೆಯ ದೊಡ್ಡ ಪರದೆಯಲ್ಲಿ ಒಂದೇ ಒಂದು ಸಾಲು ಕೆಂಪಾಗಿದೆ: ಲೇಖನದ ಅಂಕಿಗಳ ಪಟ್ಟಿಯ ಕೆಳಗಿನ, ಸಣ್ಣ ಅಕ್ಷರದ ಅಡಿಟಿಪ್ಪಣಿ. ಬು ನಿಂಗ್ ಕಣ್ಣು ಮುಚ್ಚಿ ತೆರೆಯುತ್ತಾರೆ.

ಎಂಟು ಜನ ಬರೆದಿರುವುದು ಒಂದೇ ಬಗೆ: ಬಿರುಕು ಎರಡು ಬೆರಳಾದರೆ ಜಾಗ ಬಿಡಬೇಕು. ಮೂವರು ಬೇರೆ ಬರೆದಿದ್ದಾರೆ. ಆ ಮೂವರಲ್ಲಿ ಎಂಡಾಹ್ ಒಬ್ಬಳು. ಅವಳದು ಹೀಗಿದೆ: ಇವರು ಅಳೆದದ್ದು ಹಿಂದೆ ಎಂದೂ ಜಾರದ ಗುಡ್ಡಗಳನ್ನು ಮಾತ್ರ, ನಮ್ಮದು ಹೋದ ವರ್ಷವೇ ಜಾರಿದೆ, ನನಗೆ ಅರ್ಥವಾಗಲಿಲ್ಲ.

"ಎರಡು ಬೆರಳು ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರಲ್ಲೇ," ಎಂದು ಒಬ್ಬ ವಾದಿಸುತ್ತಾನೆ.

"ದಪ್ಪಕ್ಷರ ಅಂದ್ರೆ ನಿಂಗೆ ಸಾಕು. ಕೆಳಗಿಂದು ಓದೋ. ಜಾರಿದ ಗುಡ್ಡದ ಅಳತೆ ಎಲ್ಲಿದೆ, ತೋರಿಸು."

"ಇಲ್ಲ. ಅಂದ್ರೆ... ಇಲ್ಲ ಕಣೆ."

"ಹಾಗಾದ್ರೆ ಎಷ್ಟು ಬೆರಳಿಗೆ ಬಿಡ್ಬೇಕು?"

ಲೇಖನದಲ್ಲಿ ಉತ್ತರವಿಲ್ಲ. ಎರಡು ಬೆರಳಿನ ಲೆಕ್ಕ ಹಿಡಿದರೆ ಇನ್ನೂ ಅರ್ಧ ಬೆರಳಿನ ಸಮಯವಿದೆ, ನಾಳೆಯವರೆಗೆ ಕಾಯಬಹುದು. ಹಿಡಿಯದಿದ್ದರೆ ಈ ಕ್ಷಣವೇ ತಡವಾಗಿರಬಹುದು. ಬು ನಿಂಗ್ ಈಗ ಆ ಸಾಲಿನ ಬಗ್ಗೆ ಬಾಯಿ ಬಿಡುತ್ತಾರೆ. "ನಾನೂ ಅಲ್ಲೇ ನಿಂತಿದ್ದು. ನನಗೂ ಗೊತ್ತಿಲ್ಲ."

ಜತ್ಮಿಕೊ ಫೋನ್ ಎತ್ತಿಕೊಳ್ಳುತ್ತಾನೆ. ಕೇರಿಯಲ್ಲಿ ಎಲ್ಲರೂ ಕೇಳುವುದು ಸಿಂಬಾಹ್ ಪೊನಿರಾಹ್ ಅವರ ಮಾತು. ಅಜ್ಜಿಗೆ ಕಿವಿ ಮಂದ, ಆದ್ದರಿಂದ ಇಡೀ ಕೋಣೆಗೆ ಕೇಳುವ ಹಾಗೆ ಮಾತು ನಡೆಯುತ್ತದೆ.

"ಸಿಂಬಾಹ್, ಈಗಲೇ ಎಲ್ಲರನ್ನೂ ಕರ್ಕೊಂಡು ಕೆಳಗಿನ ಶಾಲೆಗೆ ಇಳೀರಿ."

"ಬಿರುಕು ಇನ್ನೂ ಅಗಲ ಆಯ್ತಾ?"

"ಇಲ್ಲ."

"ಮತ್ತೆ? ಹೋದ ವರ್ಷ ಸೈರನ್ ನಂಬಿ ಅಂದ್ರಿ. ಹೋದ ವಾರ ಬಿರುಕಿಗೆ ಬೆರಳಿಟ್ಟು ಅಳೀತಾ ಇರಿ ಅಂದ್ರಿ. ಈಗ ಬೆರಳೂ ಬೇಡ ಅಂತೀಯ. ನಿಮ್ಮ ಕಾಗದಕ್ಕೆ ತಲೆ ಬಾಲ ಏನಾದ್ರೂ ಇದೆಯೇನೋ?"

"ಕಾಗದಕ್ಕೆ ತಲೆ ಇತ್ತು, ಸಿಂಬಾಹ್. ಹೋದ ವರ್ಷ ನಾನೇ ಪೂರ್ತಿ ಓದಿರಲಿಲ್ಲ. ನಿಮ್ಮ ಕೈ ಬೆಂದಿದ್ದು ಅದಕ್ಕೇ."

ಎಂಡಾಹ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ.

"ಇಷ್ಟು ದಿನ ಹೇಳಲಿಲ್ಲ," ಎನ್ನುತ್ತದೆ ಅಜ್ಜಿಯ ದನಿ.

"ಹೆದರಿದ್ದೆ."

"ಈಗ?"

"ಈಗ ಇನ್ನೂ ಹೆದ್ರಿಕೆ. ಗುಡ್ಡ ಯಾವಾಗ ಜಾರತ್ತೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ, ಸಿಂಬಾಹ್. ಅದೊಂದೇ ಗೊತ್ತಾಗಿರೋದು."

"ಗೊತ್ತಿಲ್ಲ ಅಂತ ಹೇಳಿದವನು ನೀನೇ ಮೊದಲು. ಇರು, ಬಾಣಲೆ ಇಳಿಸ್ತೀನಿ," ಎಂದು ಅಜ್ಜಿ ಹೇಳುತ್ತಾರೆ. ಫೋನು ಕಟ್ಟಾಗುವ ಮೊದಲು ಅವರು ಯಾರನ್ನೋ ಹೆಸರು ಹಿಡಿದು ಕೂಗುವುದು ಕೇಳಿಸುತ್ತದೆ.

ತಂಡ ಮಳೆಯಂಗಿ ತೊಟ್ಟು ಓಡುತ್ತದೆ. ಬು ನಿಂಗ್ ಖಾಲಿ ಕುರ್ಚಿಗಳ ನಡುವೆ ನಡೆದು ಪರದೆಗಳನ್ನು ಒಂದೊಂದಾಗಿ ಆರಿಸುತ್ತಾರೆ. ಬುತ್ತಿಯ ಅನ್ನ, ಹುದುಗಿಸಿದ ಸೋಯಾದ ತೆಂಪೆ ಹಾಗೆಯೇ ಉಳಿದಿದೆ. ಮಗಳು ಎರಡು ಸಲ ಸಂದೇಶ ಕಳಿಸಿದ್ದಾಳೆ, ಊಟ ಆಯಿತಾ ಎಂದು. ಆಯಿತು ಎಂದು ಸುಳ್ಳು ಬರೆಯುತ್ತಾರೆ. ಎರಡೂವರೆಗೆ ಜತ್ಮಿಕೊನ ಸಂದೇಶ: ಹದಿನಾಲ್ಕು ಕುಟುಂಬ, ಐವತ್ತೆರಡು ಜನ, ಎಲ್ಲರೂ ಶಾಲೆಯಲ್ಲಿದ್ದಾರೆ. ಬಿರುಕು ಈಗಲೂ ಒಂದೂವರೆ ಬೆರಳು. ಜನ ಬೇಸರದಲ್ಲಿದ್ದಾರೆ.

ಅದನ್ನು ಅವರು ಬೆರಳಿಟ್ಟು ಎರಡು ಸಲ ಓದುತ್ತಾರೆ. ಈ ಗುಡ್ಡ ಇವತ್ತು ಜಾರಬಹುದು, ಎಂದೂ ಜಾರದೇ ಇರಬಹುದು. ಜಾರದಿದ್ದರೆ ಐವತ್ತೆರಡು ಜನರ ಒಂದು ದಿನದ ಸಕ್ಕರೆ ದಂಡ. ಸೋಮವಾರ ಗ್ರಂಥಾಲಯಕ್ಕೂ ದೂರು ಬರುತ್ತದೆ, ಆಮೇಲೆ ಗುತ್ತಿಗೆಯ ಮಾತು. ನಿಮಗೆ ಈಗ ಏನು ಬೇಕು ಎಂದು ನಾನು ಕೇಳಿದಾಗ ಬು ನಿಂಗ್ ಸಂಕೋಚದಿಂದ ಕನ್ನಡಕ ತೆಗೆದು ಒರೆಸುತ್ತಾರೆ.

"ಸೋಮವಾರ ಅವರೆಲ್ಲ ಬಂದು ನನ್ನನ್ನ ಬಾಯಿಗೆ ಬಂದಂತೆ ಬೈಬೇಕು," ಎನ್ನುತ್ತಾರೆ. "ಸುಮ್ಸುಮ್ನೆ ಮಕ್ಕಳನ್ನ ಎಬ್ಬಿಸಿ ಶಾಲೆಗೆ ಓಡಿಸಿದ್ರಲ್ಲ, ಗುಡ್ಡ ಅಲ್ಲೇ ಕೂತಿದೆ ನೋಡಿ ಅಂತ. ಐವತ್ತೆರಡೂ ಜನ. ಒಬ್ರೂ ತಪ್ಪಿಸ್ಕೋಬಾರ್ದು."