ಬಟ್ಟೆಯ ಹೊಟ್ಟೆ ಕಟ್ಟಿಕೊಳ್ಳುವ ಸಿಸ್ಟರ್

ಕಿಟಕಿಯ ಗಾಜಿನಲ್ಲಿ ಆಗಷ್ಟೇ ಬೆಳಕು ಮೂಡುತ್ತಿದೆ. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ನೆಲ ಒರೆಸುತ್ತಿದ್ದಾಳೆ. ಫಿನಾಯಿಲಿನ ವಾಸನೆ ಗಾಢವಾಗಿದೆ. ಬಾಗಿಲ ಪಕ್ಕದ ಮಂಚದ ಮೇಲೆ ಸಿಸ್ಟರ್ ಕಾಲು ಇಳಿಬಿಟ್ಟು ಕೂತಿದ್ದಾರೆ. ಆ ಮಂಚದ ರೋಗಿ, ತರಕಾರಿ ಅಂಗಡಿಯ ಅಜ್ಜಿ, ಕೈಯಲ್ಲಿ ಸಿರಿಂಜ್ ಹಿಡಿದು ಎದುರಿಗೆ ನಿಂತಿದ್ದಾರೆ. ಬಿಳಿ ಸಮವಸ್ತ್ರದ ಮೇಲೆ ಸಿಸ್ಟರ್ ಬಟ್ಟೆಯ ದೊಡ್ಡದೊಂದು ಹೊಟ್ಟೆ ಕಟ್ಟಿಕೊಂಡಿದ್ದಾರೆ.

“ನಂಗೆ ಹೆದರಿಕೆ ಆಗ್ತಿದೆ. ನಾಳೆ ಹಾಕಿಸ್ಕೊಳ್ಲಾ?” ಎಂದು ಸಿಸ್ಟರ್ ರಾಗ ಎಳೆಯುತ್ತಾರೆ.

“ನಾಳೆ ಗೀಳೆ ಏನೂ ಇಲ್ಲ, ಸುಮ್ನೆ ಕೂತ್ಕೋ,” ಎಂದು ಅಜ್ಜಿ ಗದರುತ್ತಾರೆ. “ಕೈ ತೊಳೆದಾಯ್ತು. ನಿನ್ನೆ ಅಲ್ಲಿ ಚುಚ್ಚಿದ್ವಿ, ಇವತ್ತು ಎರಡು ಬೆರಳು ಈಚೆಗೆ. ಹೊಕ್ಕಳ ಹತ್ರ ಹೋಗೋ ಹಾಗಿಲ್ಲ.”

ಸೂಜಿ ಬಟ್ಟೆಯೊಳಗೆ ಇಳಿಯುತ್ತದೆ. ಸಿರಿಂಜಿನಲ್ಲಿ ಇರುವುದು ಬರೀ ನೀರು. ಬಟ್ಟೆಯ ಒಳಗೆ ಸ್ಪಂಜು, ಅದರ ಹಿಂದೆ ಸೂಜಿ ದಾಟದಂತೆ ದಪ್ಪನೆಯ ರಟ್ಟು. ಆದರೂ ಸಿಸ್ಟರ್ “ಅಯ್ಯಯ್ಯೋ!” ಎಂದು ಕೂಗುತ್ತಾರೆ. ಅಕ್ಕಪಕ್ಕದ ಮಂಚದವರು ಬಿದ್ದು ಬಿದ್ದು ನಗುತ್ತಾರೆ. ಅಜ್ಜಿ ಮಾತ್ರ ನಗುವುದಿಲ್ಲ. ಸೂಜಿ ಹೊರಗೆ ತೆಗೆಯುವ ಮುಂಚೆ ಗಂಭೀರವಾಗಿ ಹತ್ತರವರೆಗೆ ಎಣಿಸುತ್ತಾರೆ. ಇವತ್ತು ಅವರು ಮನೆಗೆ ಹೋಗಬಹುದು.

ಐವತ್ತು ದಾಟಿದ ಈ ಸಿಸ್ಟರ್‌ಗೆ ಆಸ್ಪತ್ರೆಯಲ್ಲಿ ಎಲ್ಲರೂ ಇಟ್ಟಿರುವ ಹೆಸರು ಟೀಚರಮ್ಮ. ಇನ್ಸುಲಿನ್ ತೆಗೆದುಕೊಳ್ಳುವವರು, ಉಬ್ಬಸಕ್ಕೆ ಔಷಧಿ ಎಳೆದುಕೊಳ್ಳುವವರು, ಗಾಯಕ್ಕೆ ತಾವೇ ಪಟ್ಟಿ ಕಟ್ಟಿಕೊಳ್ಳಬೇಕಾದವರು, ಹೀಗೆ ದಿನಕ್ಕೆ ಹತ್ತು ಹನ್ನೆರಡು ಮಂದಿ ಮನೆಗೆ ಹೊರಡುವ ಮುಂಚೆ ಇವರ ಕೈಯಲ್ಲಿ ಪಳಗುತ್ತಾರೆ. ಡಾಕ್ಟರು ಔಷಧಿ ಬರೆದುಕೊಡುತ್ತಾರೆ. ಆ ಔಷಧಿ ಮನೆಯಲ್ಲಿ ಸರಿಯಾಗಿ ಮೈ ಸೇರುವಂತೆ ನೋಡಿಕೊಳ್ಳುವುದು ಟೀಚರಮ್ಮನ ಪಾಲಿನ ಕೆಲಸ.

ಈ ಪಾಠ ಶುರುವಾಗಿದ್ದು ಅವರು ಸ್ವತಃ ರೋಗಿಯಾದಾಗ. ಪಿತ್ತಕೋಶದ ಆಪರೇಷನ್ ಆಗಿ ಮನೆಗೆ ಹೊರಟಾಗ ಜೊತೆಯ ನರ್ಸೊಬ್ಬರು ಎಲ್ಲವನ್ನೂ ಚೆನ್ನಾಗಿಯೇ ಹೇಳಿದ್ದರು. ಇವರೂ ತಲೆಯಾಡಿಸಿದ್ದರು. ಮನೆಗೆ ಬಂದ ಮೇಲೆ ಗಂಡ, “ಸ್ನಾನಕ್ಕೆ ನೀರು ಕಾಯಿಸ್ಲಾ?” ಎಂದು ಕೇಳಿದರೆ, ಹೊಲಿಗೆಗೆ ನೀರು ತಾಗಬಹುದೋ ಇಲ್ಲವೋ ಎಂಬುದೇ ಮರೆತುಹೋಗಿತ್ತು.

“ದಿನಾ ಅದೇ ಮಾತನ್ನ ಬೇರೆಯವರಿಗೆ ಹೇಳೋಳು ನಾನು. ನಂಗೇ ಒಂದೂ ನೆನಪಿಲ್ಲ!” ಎಂದು ಹಣೆ ಚಚ್ಚಿಕೊಳ್ಳುತ್ತಾರೆ. “ನಮ್ಮೆಜಮಾನ್ರು ಹೊಟ್ಟೆ ಹಿಡ್ಕೊಂಡು ನಕ್ಕರು. ನಂಗೆ ನಗೋಕೂ ಆಗ್ಲಿಲ್ಲ, ಹೊಲಿಗೆ ಎಳೀತಿತ್ತು.”

ಅಂದಿನಿಂದ ಅವರು ರೋಗಿಗಳನ್ನು ‘ಅರ್ಥ ಆಯ್ತಾ?’ ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. “ಹಾಗೆ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? ನೋವಲ್ಲಿರ್ತಾರೆ, ಮನೆಗೆ ಹೋಗೋ ಆತುರ ಬೇರೆ. ಅದಕ್ಕೇ ‘ಈಗ ನಾನು ರೋಗಿ, ನೀವು ನರ್ಸು, ನನಗೆ ಹೇಳ್ಕೊಡಿ’ ಅಂತೀನಿ. ಎಲ್ಲಿ ತಡವರಿಸ್ತಾರೋ ಅಲ್ಲಿ ನಾನು ಸರಿಯಾಗಿ ಹೇಳಿಲ್ಲ ಅಂತ ಲೆಕ್ಕ.”

ಇದಕ್ಕೆ ಸಮಯ ಹಿಡಿಯುತ್ತದೆ, ಆಸ್ಪತ್ರೆಯಲ್ಲಿ ಸಮಯಕ್ಕೇ ಬರ. “ಬೇಗ ಹೇಳಿ ಕಳ್ಸಮ್ಮ, ಮಂಚಕ್ಕೆ ಜನ ಕಾಯ್ತಿದ್ದಾರೆ,” ಎಂದು ಮೇಟ್ರನ್ ಸಿಡುಕುತ್ತಿದ್ದ ಕಾಲವೂ ಇತ್ತು. ಅದಕ್ಕೇ ಟೀಚರಮ್ಮ ಡ್ಯೂಟಿಗೆ ಒಂದು ಗಂಟೆ ಮುಂಚೆಯೇ ಬರುವ ರೂಢಿ ಮಾಡಿಕೊಂಡರು. ಸಂಜೆಗೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ. ಮನೆಯಲ್ಲಿ ಮಗಳು ಬಿಸಿನೀರಿನ ಬಕೆಟ್ ತಂದಿಟ್ಟು ಛೇಡಿಸುತ್ತಾಳೆ: “ಅಮ್ಮನ ಹತ್ರ ಒಂದು ಲೋಟ ನೀರು ಕೇಳೋ ಹಾಗಿಲ್ಲ. ಕೊಟ್ಬಿಟ್ಟು, ‘ಹೇಗೆ ಕುಡೀತೀಯ ತೋರ್ಸು’ ಅಂತಾಳೆ!”

ಬಟ್ಟೆಯ ಹೊಟ್ಟೆ ಹೊಲಿದುಕೊಟ್ಟವನು, ಹಿಂದೊಮ್ಮೆ ಸಕ್ಕರೆ ಕಾಯಿಲೆಗೆಂದು ಗಂಡಸರ ವಾರ್ಡಿಗೆ ಸೇರಿದ್ದ ಟೈಲರಣ್ಣ. ಜೀವಮಾನವಿಡೀ ಸೂಜಿಯ ಜೊತೆ ಬಾಳಿದ ಆಸಾಮಿ ಇನ್ಸುಲಿನ್ ಸೂಜಿ ಕಂಡೊಡನೆ ಬಿಳಿಚಿಕೊಂಡಿದ್ದ. ಅವನ ಹೆಂಡತಿ, “ಇವರ ಕೈಲಿ ಆಗಲ್ಲ ಸಿಸ್ಟರ್, ನಂಗೇ ಹೇಳ್ಕೊಡಿ,” ಎಂದು ಮುಂದೆ ಬಂದಿದ್ದಳು. ಟೀಚರಮ್ಮ ಆಕೆಗೂ ಕಲಿಸಿದರು, ಆದರೆ ಅವನನ್ನು ಬಿಡಲಿಲ್ಲ. ಸಕ್ಕರೆ ಕುಸಿದರೆ ಹೇಗಾಗುತ್ತದೆ ಎಂದು ತಾವೇ ಗಡಗಡ ನಡುಗಿ, ಬೆವರು ಒರೆಸಿಕೊಳ್ಳುವಂತೆ ನಟಿಸಿ, “ನಂಗೇನಾಗ್ತಿದೆ ಟೈಲರಣ್ಣ? ಏನು ಮಾಡ್ಲಿ, ಬೇಗ ಹೇಳು!” ಎಂದು ಪೀಡಿಸಿದ್ದರು. ಅವನು ಸರಿಯಾದ ಉತ್ತರ ಹೇಳುವವರೆಗೂ ನಡುಕ ನಿಲ್ಲಿಸಲಿಲ್ಲ.

ಕೆಲವು ತಿಂಗಳ ಬಳಿಕ ಹೆಂಡತಿ ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋದಳು. ಶಾಲೆಯ ಸಮವಸ್ತ್ರಗಳ ರಾಶಿ ಕೆಲಸ. ಟೈಲರಣ್ಣ ಬೆಳಿಗ್ಗೆ ತಾನೇ ಇನ್ಸುಲಿನ್ ಚುಚ್ಚಿಕೊಂಡು, ಇನ್ನೊಂದು ಅಂಗಿ ಕತ್ತರಿಸಿಬಿಡೋಣವೆಂದು ತಿಂಡಿ ಮರೆತ. ಬಟ್ಟೆಯ ಮೇಲೆ ಎಳೆದ ಸೀಮೆಸುಣ್ಣದ ಗೆರೆ ಸೊಟ್ಟಗಾಯಿತು. ಬೆನ್ನು ಬೆವರಿತು, ಕೈ ನಡುಗಿತು. ಅಂಗಡಿಯಲ್ಲಿ ನರಪಿಳ್ಳೆಯೂ ಇಲ್ಲ. ಆಗ ಕಣ್ಣೆದುರು ಬಂದಿದ್ದು ಮಂಚದ ಮೇಲೆ ನಡುಗುತ್ತಿದ್ದ ಸಿಸ್ಟರ್. ಕತ್ತರಿ ಕೆಳಗಿಟ್ಟ. ಟೀಗೆಂದು ಇಟ್ಟಿದ್ದ ಸಕ್ಕರೆಯಲ್ಲಿ ಮೂರು ಚಮಚ ತೆಗೆದು ನೀರಿಗೆ ಹಾಕಿ ಗಟಗಟ ಕುಡಿದು, ಗೋಡೆಗೊರಗಿ ನೆಲದಲ್ಲೇ ಕೂತ. ನಡುಕ ಇಳಿದ ಮೇಲೆ ಹೊಟ್ಟೆ ತುಂಬ ತಿಂದ.

ಮಾರನೆಯ ದಿನ ವಾರ್ಡಿಗೇ ಬಂದು, “ಸಿಸ್ಟರ್, ನೀವು ಆಡಿದ ನಾಟಕ ನಂಗೆ ನಿಜವಾಗ್ಲೂ ಆಗೋಯ್ತು!” ಎಂದು ನಕ್ಕ. ಟೀಚರಮ್ಮನೂ ನಕ್ಕರು, ಆಮೇಲೆ ಸ್ಟೂಲು ಎಳೆದುಕೊಂಡು ಕೂತು ಏನೇನಾಯಿತೆಂದು ಮೊದಲಿನಿಂದ ಹೇಳಿಸಿದರು. “ಒಬ್ಬನೇ ಇದ್ದ ನೋಡಿ. ಹೆಂಡತಿಗೆ ಮಾತ್ರ ಹೇಳ್ಕೊಟ್ಟು ಕೈ ತೊಳ್ಕೊಂಡಿದ್ರೆ ಏನಾಗ್ತಿತ್ತೋ,” ಎನ್ನುವಾಗ ಈಗಲೂ ಅವರ ದನಿ ತಗ್ಗುತ್ತದೆ.

ಆಗೆಲ್ಲ ಸೂಜಿ ಚುಚ್ಚುವ ಅಭ್ಯಾಸಕ್ಕೆ ಇದ್ದುದು ಪಾತ್ರೆ ತೊಳೆಯುವ ಸ್ಪಂಜಿನ ತುಂಡು. ಅದನ್ನು ಕಂಡು ಟೈಲರಣ್ಣನಿಗೆ ಸಂಕಟವಾಯಿತು. ವಾರದೊಳಗೆ ಅಳತೆಯಿಲ್ಲದೆ, ಅಂದಾಜಿನಲ್ಲೇ ಒಂದು ಹೊಟ್ಟೆ ಹೊಲಿದು ತಂದ. ಹೊಕ್ಕಳಿನ ಜಾಗಕ್ಕೊಂದು ಗುಂಡಿಯನ್ನೂ ಹಚ್ಚಿದ್ದ. “ಇಷ್ಟು ದಪ್ಪಗಿದೀನಾ ನಾನು?” ಎಂದು ಟೀಚರಮ್ಮ ಜಗಳಕ್ಕೇ ನಿಂತರಂತೆ. ಅದನ್ನು ಕಟ್ಟಿಕೊಂಡು ವಾರ್ಡಿನಲ್ಲಿ ಓಡಾಡಿದ ಮೊದಲ ದಿನ ಮೇಟ್ರನ್ ಕೂಡ ನಗು ತಡೆಯಲಾರದೆ ಹೊರಗೆ ಹೋದರು. ಹಿಂತಿರುಗಿ ಬಂದವರು ಸೂಜಿ ಚುಚ್ಚಿ ನೋಡಿದರು, ಪ್ರಶ್ನೆ ಕೇಳಿದರು. ಮುಂದಿನ ತಿಂಗಳಿಂದ ಟೀಚರಮ್ಮನ ಬೆಳಗಿನ ಒಂದು ಗಂಟೆಯನ್ನು ಡ್ಯೂಟಿಯೊಳಗೇ ಸೇರಿಸಿದರು.

ಇನ್ನೇನು ಬೇಕು ಎಂದು ಕೇಳಿದರೆ ಟೀಚರಮ್ಮ ತಡಮಾಡದೆ ಹೇಳುತ್ತಾರೆ: “ಬಾಗಿಲಿರೋ ಒಂದು ಪುಟ್ಟ ಕೋಣೆ. ಎರಡು ಕುರ್ಚಿ ಹಿಡಿಸಿದ್ರೆ ಸಾಕು. ವಾರ್ಡಲ್ಲಿ ಎಲ್ಲರೆದುರು ‘ಸಿಹಿ ತಿಂದ್ರಾ?’ ಅಂದ್ರೆ ‘ಮುಟ್ಟೇ ಇಲ್ಲ ಸಿಸ್ಟರ್’ ಅಂತಾರೆ. ಬಾಗಿಲು ಹಾಕ್ಕೊಂಡ್ರೆ ನಿಜ ಹೇಳ್ತಾರೆ.”

ನಿಜ ಹೇಳಿದರೆ ಬೈಯುತ್ತೀರಾ?

“ಛೆ, ಬೈಯೋದ್ಯಾಕೆ? ‘ಎಷ್ಟು ತಿಂದ್ರಿ, ರುಚಿಯಾಗಿತ್ತಾ?’ ಅಂತ ಕೇಳ್ತೀನಿ. ಆಮೇಲೆ ಪಾಠ ಶುರು ಮಾಡ್ತೀನಿ.”