ಜೋರು ಹುಡುಗಿಯ ಪುಸ್ತಕ

ದೆಹಲಿಯಲ್ಲಿ ನಾನು ಬರೆದ ಮೊದಲ ಪುಸ್ತಕ ಹಿಂದಿಯದು. ಮೂರನೇ ಕ್ಲಾಸಿಗೆ ಬಂದರೂ ಓದಲು ಬಾರದ ಮಕ್ಕಳಿಗೆ ಅಕ್ಷರ ಕೂಡಿಸುವುದನ್ನು ಕಲಿಸುವ ತೆಳ್ಳನೆಯ ಪುಸ್ತಕ. ಆಗ ಮೆಟ್ರೋಗಾಗಿ ಊರನ್ನೆಲ್ಲ ಅಗೆದುಹಾಕಿದ್ದರು. ವಸಂತ್ ಕುಂಜ್‌ನ ಬಾಡಿಗೆ ರೂಮಿನಿಂದ ಸರೋಜಿನಿ ನಗರದ ಆಫೀಸಿಗೆ ಬರುವಷ್ಟರಲ್ಲಿ ಮೂಗು, ಬಾಯಿ, ತಲೆ ಎಲ್ಲ ಧೂಳು. ಶಿಕ್ಷಣದಲ್ಲಿ ಎಂ.ಎ. ಮಾಡಿದ್ದೆ, ಲೋಕ ತಿದ್ದುವ ಹುಮ್ಮಸ್ಸೂ ಇತ್ತು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಬರೆದ ಪಾಠಗಳನ್ನು ಆಫೀಸಿನ ಹಿಂದಿದ್ದ ಸರ್ಕಾರಿ ಶಾಲೆಯಲ್ಲಿ ನಾನೇ ಕಲಿಸಿ ನೋಡಬೇಕಿತ್ತು. ಅಲ್ಲಿನ ಟೀಚರು ಓದಲು ಬಾರದ ಮಕ್ಕಳನ್ನು ಕ್ಲಾಸಿನ ಹಿಂಬದಿಯ ಜಮಖಾನೆಯ ಮೇಲೆ ಕೂರಿಸಿ, ಅವರೆದುರಿಗೇ, "ಯೇ ಸಬ್ ಕಮ್‌ಜೋರ್ ಹೈಂ" ಎಂದು ನನಗೆ ಪರಿಚಯಿಸಿದರು. ಕಮ್‌ಜೋರ್ ಅಂದರೆ ದುರ್ಬಲರು. ಮಕ್ಕಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಇಸ್ತ್ರಿ ಅಂಗಡಿಯವನ ಮಗಳೊಬ್ಬಳು ಯಾವ ಪ್ರಶ್ನೆ ಕೇಳಿದರೂ, "ದೀದಿ, ಮೈಂ ಕಮ್‌ಜೋರ್ ಹೂಂ" ಎಂದುಬಿಡುತ್ತಿದ್ದಳು. ಉತ್ತರ ಹೇಳುವ ಕಷ್ಟವೇ ಇಲ್ಲ. ಪುಸ್ತಕ ಹಾಳಾಗಿ ಹೋಗಲಿ, ಈ ಮಾತನ್ನು ಇವಳ ಬಾಯಿಂದ ಕಿತ್ತುಹಾಕಬೇಕು ಎಂದು ನನಗೆ ಹಠ ಹುಟ್ಟಿತು.

ಒಂದು ದಿನ ಅವಳು 'ಮಟರ್', ಅಂದರೆ ಬಟಾಣಿ, ಎಂಬ ಪದವನ್ನು ತಾನಾಗಿಯೇ ಕೂಡಿಸಿ ಓದಿದಳು. ಖುಷಿಗೆ ನನ್ನ ಬಾಯಿಂದ ಊರಿನ ಮಾತೇ ಹಿಂದಿ ವೇಷ ಹಾಕಿಕೊಂಡು ಬಂತು: "ಅರೇ, ತೂ ತೋ ಬಹುತ್ ಜೋರ್ ಹೈ!" ನಮ್ಮ ಕಡೆ ಹುಡುಗಿ ಭಾರಿ ಜೋರು ಅಂದರೆ ಚುರುಕು, ಯಾರಿಗೂ ಜಗ್ಗದವಳು ಎಂದು. ಹಿಂದಿಯಲ್ಲಿ ಹಾಗೆ ಹೇಳುವುದಿಲ್ಲ. ಹುಡುಗಿ ಬಿದ್ದು ಬಿದ್ದು ನಕ್ಕಳು. "ಜೋರ್ ನಹೀಂ ದೀದಿ, ತೇಜ್ ಬೋಲೋ" ಎಂದು, ಚುರುಕಿಗೆ ಹಿಂದಿಯಲ್ಲಿ ಹೇಳುವ ಪದ ಕೊಟ್ಟು, ನನ್ನನ್ನೇ ತಿದ್ದಿದಳು. ಆದರೂ ಆ ತಪ್ಪು ಪದವೇ ಅವಳಿಗೆ ಹಿಡಿಸಿತು. ಮರುದಿನದಿಂದ ಪ್ರತಿ ಪದ ಓದಿದ ಮೇಲೂ, "ಮೈಂ ಜೋರ್ ಹೂಂ ನ?" ಎಂದು ಕೇಳಿ ಹೌದೆನ್ನಿಸಿಕೊಂಡೇ ಮುಂದೆ ಹೋಗುತ್ತಿದ್ದಳು. ಹಳೆಯ ಮಾತು ನಿಂತೇಹೋಯಿತು. 'ಓ' ಕಾಗುಣಿತ ಕಲಿತ ದಿನ ಬೋರ್ಡಿನ ಮೇಲೆ ಅವಳ ಪದವನ್ನೇ ಬರೆಸಿದೆ. ಎರಡೇ ಅಕ್ಷರ, ಬೋರ್ಡಿನ ತುಂಬ ಬರೆದಳು.

ಪುಸ್ತಕಕ್ಕೆ ನಾನು ಇಟ್ಟ ಹೆಸರು 'ಚಲೋ ಪಢೇಂ', ಬನ್ನಿ ಓದೋಣ ಎಂದು. ಆಫೀಸಿನ ಮುಖ್ಯಸ್ಥರಿಗೆ ಅದು ಸಾಕಾಗಲಿಲ್ಲ. ಯಾರಿಗೆ ಕೊಡಬೇಕೆಂದು ಟೀಚರುಗಳಿಗೆ ತಿಳಿಯುವಂತೆ 'ಕಮ್‌ಜೋರ್ ಮಕ್ಕಳಿಗಾಗಿ' ಎಂದು ಮುಖಪುಟದ ಮೇಲೆ ಹಾಕೋಣ ಎಂದರು. ನಾನು ಮೀಟಿಂಗಿನಲ್ಲಿ ಜಗಳವೇ ಆಡಿದೆ. ಓದಲು ಕಲಿತ ಮಗು ಮೊದಲು ಓದುವುದೇ ಮುಖಪುಟವನ್ನು ಅಂದೆ. ಅವರು ಚಹಾ ಕುಡಿಯುತ್ತಾ ನಗುತ್ತಾ, "ಮೇಡಂ, ಆಪ್ ಸೌತ್ ಸೇ ಹೈಂ. ಹಿಂದಿ ಹಮ್ ಪರ್ ಛೋಡಿಯೇ" ಎಂದರು. ಪುಸ್ತಕವಿಡೀ ಬರೆದವಳು ನಾನು, ಹಿಂದಿ ಮಾತ್ರ ಅವರಿಗೆ ಬಿಡಬೇಕಂತೆ! ಕೊನೆಗೆ, ಆಯಿತು, ನೋಡೋಣ ಎಂದರು. ನಂಬಿದೆ.

ಅಚ್ಚಾದ ಪುಸ್ತಕಗಳು ಪ್ರೆಸ್ಸಿನಿಂದ ನೇರ ಶಾಲೆಗೇ ಬಂದವು. ನಾನು ಹೋಗುವಷ್ಟರಲ್ಲಿ ಟೀಚರು ಕಟ್ಟು ಬಿಚ್ಚಿ ಹಿಂದಿನ ಜಮಖಾನೆಗೆ ಮಾತ್ರ ಹಂಚಿಬಿಟ್ಟಿದ್ದರು. ಹುಡುಗಿ ಬಾಗಿಲಿಗೇ ಓಡಿಬಂದಳು. "ದೀದಿ, ದೇಖೋ, ಜೋರ್! ಮೇರಾ ವಾಲಾ ಜೋರ್!" ಮುಖಪುಟದಲ್ಲಿ, ತನ್ನದೇ ಆ ಪದದ ಮೇಲೆ, ಅವಳ ಬೆರಳಿತ್ತು. ಸಾಲಿನ ಮೊದಲಿಂದ ಓದು ಎಂದು ನಾನೇ ಕಲಿಸಿದ್ದೆನಲ್ಲ, ಬೆರಳನ್ನು ಹಿಂದಕ್ಕೆ ತಂದು ಕೂಡಿಸತೊಡಗಿದಳು. ಕ. ಮ. ಜೋ. ರ. ಒಂದು ಒತ್ತಕ್ಷರವಿಲ್ಲ. ಕಲಿಯುವವರಿಗೆ ಹೇಳಿ ಮಾಡಿಸಿದಂಥ ಪದ.

ಇನ್ನೊಮ್ಮೆ ಓದಿದಳು, ಈ ಸಲ ಸದ್ದಿಲ್ಲದೆ. ಪುಸ್ತಕ ಇಸಿದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಅವಳು ಪುಟ ತಿರುಗಿಸಿದ್ದಳು. ಅಲ್ಲಿ, ಬರೆದವರು ಎಂಬುದರ ಕೆಳಗೆ, ನನ್ನ ಹೆಸರಿತ್ತು.

ನನ್ನ ಹೆಸರಿನಲ್ಲೂ ಒತ್ತಕ್ಷರವಿಲ್ಲ. ಅದನ್ನೂ ತಪ್ಪಿಲ್ಲದೆ ಓದಿದಳು.