ಹಾಜಿಯ ಹನ್ನೆರಡನೆಯ ಹಗ್ಗ

ಎಂಬತ್ತರ ದಶಕದಲ್ಲಿ ಬಹರೈನಿನಲ್ಲಿ ನನಗಿದ್ದದ್ದು ಮೀನು ಸಮೀಕ್ಷೆಯ ಕೆಲಸ. ಹಮೂರು, ಅಂದರೆ ನಮ್ಮ ಮಂಗಳೂರು ಕಡೆಯ ಮುರುಮೀನು, ಅಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಮೊಟ್ಟೆ ತುಂಬಿದ ಹಮೂರು ಸಿಕ್ಕಿದರೆ ಅಳತೆ ತೆಗೆದು ವಾಪಸ್ ನೀರಿಗೆ ಬಿಡಿ ಎಂದರೆ ಮೀನುಗಾರರು ನಗುತ್ತಿದ್ದರು.

ಮುಹರ್ರಕ್‌ನ ಮುದುಕ ಹಾಜಿಯೊಬ್ಬರು ಮಾತ್ರ ನಗಲಿಲ್ಲ. ಓದುಬರಹ ಬಾರದ ಅವರು, ಬಿಟ್ಟ ಪ್ರತಿ ಮೀನಿನ ಉದ್ದಕ್ಕೆ ಸರಿಯಾಗಿ ಒಂದೊಂದು ಹಗ್ಗ ಕತ್ತರಿಸಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು.

ಒಂದು ದಿನ ಅವರ ಮನೆಗೆ ಹೋದಾಗ ಹನ್ನೊಂದು ಹಗ್ಗಗಳಿದ್ದವು. ಅಳೆದು ಬರೆದುಕೊಂಡು ಏಳುವಷ್ಟರಲ್ಲಿ ದೊಡ್ಡ ತಟ್ಟೆ ಬಂತು. ಅನ್ನದ ಮೇಲೆ ಇಡೀ ಹಮೂರು, ಬದಿಯಲ್ಲಿ ಅದರದೇ ಮೊಟ್ಟೆಯ ಫ್ರೈ.

"ಹಾಜಿ, ಇದನ್ನು ಬಿಡಬೇಕಿತ್ತಲ್ಲ!" ನನ್ನ ಸ್ವರ ಏರಿಯೇ ಇತ್ತು.

ಅವರು ತಮಗೆ ಬರುವ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. "ನಿನ್ನ ಮಾತಿಗೆ ಹನ್ನೊಂದು ಬಿಟ್ಟೆ, ಸದೀಖ್, ನನ್ನ ಗೆಳೆಯ. ಇವತ್ತು ನೀನು ಬರುತ್ತೀ ಅಂತ ಗೊತ್ತಿತ್ತು. ಮನೆಗೆ ಬಂದವನಿಗೆ ಸಣ್ಣ ಮೀನು ಬಡಿಸಲೇ?"

ಹೇಳಿ, ಕತ್ತರಿಸಿಟ್ಟಿದ್ದ ಹನ್ನೆರಡನೆಯ ಹಗ್ಗವನ್ನು ಕೈಗಿತ್ತರು. ಎಲ್ಲಕ್ಕಿಂತ ಉದ್ದದ್ದು ಅದೇ. ಕೂತು ಉಂಡೆ. ರುಚಿಯಾಗಿಯೇ ಇತ್ತು, ಅದೇ ಸಂಕಟ.

ರಿಜಿಸ್ಟರಿನಲ್ಲಿ ಮೀನು ಸತ್ತರೆ ಕಾರಣ ಬರೆಯುವ ಅಂಕಣವೊಂದಿತ್ತು. 'ಬಲೆ' ಎಂದು ಬರೆಯಲು ಕೈ ಬರಲಿಲ್ಲ. 'ಸಮೀಕ್ಷೆ' ಎಂದು ಬರೆದೆ.